ಸವೆಯುವ ತಾಮ್ರವೇ ಕಾವಲು

ವಾರಗಟ್ಟಲೆ ನೀರಿನಲ್ಲಿ ಸುಮ್ಮನೆ ನಿಂತ ದೋಣಿಯ ಪ್ರೊಪೆಲರ್ ನೋಡಿದ್ದೀರಾ? ಅದಕ್ಕೆ ಪಾಚಿ ಹಿಡಿದಿರುತ್ತದೆ. ಬಾರ್ನಕಲ್ ಎಂಬ ಚಿಪ್ಪುಜೀವಿಗಳು ಕಲ್ಲಿನಂತೆ ಅಂಟಿಕೊಂಡಿರುತ್ತವೆ. ಆಗ ಎಂಜಿನ್ ಎಷ್ಟು ಹೆಣಗಿದರೂ ವೇಗ ಬಾರದು, ಇಂಧನ ಮಾತ್ರ ಖರ್ಚಾಗುತ್ತದೆ. ಸಾಮಾನ್ಯವಾಗಿ ಪ್ರೊಪೆಲರ್ ಕಂಚಿನದು. ಕಂಚಿನಲ್ಲಿ ಬಹುಪಾಲು ತಾಮ್ರ. ತಾಮ್ರವಾದರೋ ಈ ಜೀವಿಗಳಿಗೆ ವಿಷ. ಹಾಗಿದ್ದೂ ಅವು ಅಲ್ಲಿ ಬೆಳೆಯುವುದೇಕೆ?

ಉತ್ತರ ಬ್ರಿಟಿಷ್ ನೌಕಾಪಡೆಯ ಚರಿತ್ರೆಯಲ್ಲಿದೆ. 1761ರಲ್ಲಿ ‘ಅಲಾರ್ಮ್’ ಎಂಬ ಯುದ್ಧನೌಕೆಯ ಮರದ ತಳಕ್ಕೆ ತಾಮ್ರದ ತಗಡು ಹೊದಿಸಿದರು. ಹುಳು ಕೊರೆಯಲಿಲ್ಲ, ಚಿಪ್ಪು ಅಂಟಲಿಲ್ಲ. ಮುಂದೆ ಇತರ ಹಡಗುಗಳಿಗೂ ತಗಡು ಬಂತು. ಆದರೆ ಉಪ್ಪುನೀರಿಗೆ ತಾಮ್ರ ಸವೆಯುತ್ತಿತ್ತು. 1824ರಲ್ಲಿ ವಿಜ್ಞಾನಿ ಹಂಫ್ರಿ ಡೇವಿ ತಗಡಿಗೆ ಸತು, ಕಬ್ಬಿಣದ ತುಂಡುಗಳನ್ನು ಜೋಡಿಸಿದರು. ತಾಮ್ರದ ಬದಲು ಅವು ಸವೆದವು, ತಾಮ್ರ ಉಳಿಯಿತು. ಆದರೆ ಪಾಚಿ, ಚಿಪ್ಪು ಮತ್ತೆ ಮುತ್ತಿದವು! ನೀರಿಗೆ ಕರಗುವ ತಾಮ್ರವೇ ಕಾವಲುಗಾರ ಎಂಬುದು ಆಗ ಮನದಟ್ಟಾಯಿತು. ನೌಕಾಪಡೆ ಆ ತುಂಡುಗಳನ್ನು ಕೀಳಿಸಿತು.

ಇಂದಿನ ದೋಣಿಗಳಲ್ಲೂ ಕಂಚು ಸವೆಯದಿರಲೆಂದು ಸತುವಿನ ತುಂಡು ಜೋಡಿಸುತ್ತಾರೆ. ಲೋಹ ಉಳಿಯುತ್ತದೆ, ಚಿಪ್ಪು ಬೆಳೆಯುತ್ತದೆ. ಸತು ತೆಗೆದರೆ ಪ್ರೊಪೆಲರಿಗೇ ಕುತ್ತು. ಹಡಗಿನ ತಳಕ್ಕೆ ಬಳಿಯುತ್ತಿದ್ದ ಟಿಬಿಟಿ ಎಂಬ ವಿಷಬಣ್ಣ ಸಿಂಪಿಗಳನ್ನೂ ವಿಕಾರಗೊಳಿಸಿತು. 2008ರಲ್ಲಿ ಅದರ ವಿರುದ್ಧದ ಅಂತಾರಾಷ್ಟ್ರೀಯ ನಿಷೇಧ ಜಾರಿಗೆ ಬಂತು.

ಉಳಿದ ದಾರಿ ಸರಳ: ದೋಣಿಯನ್ನು ಬಹಳ ದಿನ ನಿಲ್ಲಿಸಬೇಡಿ, ಪ್ರೊಪೆಲರನ್ನು ಆಗಾಗ ಕೆರೆದು ನಯಗೊಳಿಸಿ, ಇಲ್ಲವೇ ಜಾರುವ ಸಿಲಿಕೋನ್ ಲೇಪ ಹಚ್ಚಿ. ಅದರ ಮೇಲೆ ಕೂತ ಜೀವಿಗೆ ಹಿಡಿತ ಸಿಗದು. ಪ್ರೊಪೆಲರ್ ತಿರುಗಿದರೆ ಉದುರುತ್ತದೆ. ಕೊಲ್ಲುವುದಕ್ಕಿಂತ ಜಾರಿಸುವುದು ಮೇಲಲ್ಲವೇ?