ಹಾಲು ಹೋಗುವ ದಾರಿ ಸರಿಯಿದ್ದರೆ ಸಂಘ ಸರಿ

(ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿದ ರೈತ. ಭಾಷಣ ಮಾಡಿ ಅಭ್ಯಾಸ ಇಲ್ಲ. ‘ಸರಬರಾಜು ವ್ಯವಸ್ಥೆ ಮತ್ತು ಸಂಘದ ಪ್ರಗತಿ’ ಅನ್ನೋ ವಿಷಯ ಕೊಟ್ಟು ನಾಲ್ಕು ಮಾತು ಆಡಿ ಅಂದಿದ್ದಾರೆ. ದೊಡ್ಡ ಕಂಪನಿಗಳಲ್ಲಿ ಇದಕ್ಕೆ ಸಪ್ಲೈ ಚೈನ್ ಅಂತಾರಂತೆ. ಚೈನ್ ಅಂದರೆ ಸರಪಳಿ. ಸರಪಳಿ ಅಂದರೇನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಸು ಕಟ್ಟಿದ ಸರಪಳಿಯಲ್ಲಿ ಒಂದು ಕೊಂಡಿ ಬಿಟ್ಟುಕೊಂಡರೆ ಸಾಕು, ಮಿಕ್ಕ ಕೊಂಡಿಗಳು ಎಷ್ಟೇ ಗಟ್ಟಿ ಇರಲಿ, ಹಸು ಪಕ್ಕದವರ ರಾಗಿ ಹೊಲದಲ್ಲಿರುತ್ತದೆ.

ನಮ್ಮ ಹಾಲಿಗೂ ಒಂದು ಸರಪಳಿ ಇದೆ. ಕೊಟ್ಟಿಗೆಯಿಂದ ಡೈರಿಗೆ, ಡೈರಿಯಿಂದ ಬಿ.ಎಂ.ಸಿ. ತೊಟ್ಟಿಗೆ, ಅಲ್ಲಿಂದ ಟ್ಯಾಂಕರಿನಲ್ಲಿ ಒಕ್ಕೂಟಕ್ಕೆ, ಆಮೇಲೆ ಪ್ಯಾಕೆಟ್ಟಾಗಿ ಪಟ್ಟಣದ ಮನೆಗೆ. ಅದೇ ದಾರಿಯಲ್ಲಿ ದುಡ್ಡು ವಾಪಸ್ ಬರುತ್ತದೆ. ಪಶು ಆಹಾರ, ಖನಿಜ ಮಿಶ್ರಣ ಎಲ್ಲವೂ ಅದೇ ದಾರಿಯಲ್ಲಿ ನಮ್ಮ ಮನೆಗೆ ಬರುತ್ತವೆ. ಈ ದಾರಿ ಸರಿಯಿದ್ದರೆ ಸಂಘಕ್ಕೆ ಲಾಭ, ಕೆಟ್ಟರೆ ನಷ್ಟ. ನಾನು ಹೇಳಬೇಕಾದದ್ದು ಇಷ್ಟೇ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ, ತಪ್ಪು ಮಾಡಿ ಕಲಿತೆ. ಆ ತಪ್ಪನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ಸಂಘ ಶುರುವಾದ ಹೊಸತು. ನಾನಿನ್ನೂ ಹುಡುಗ. ಬೇಸಿಗೆಯ ಒಂದು ಸಂಜೆ ಅವ್ವ ಕೊಟ್ಟ ಹಾಲು ತೆಗೆದುಕೊಂಡು ಹೊರಟವನು ಆಟ ನೋಡುತ್ತಾ ನಿಂತುಬಿಟ್ಟೆ. ಹೋಗುವಷ್ಟರಲ್ಲಿ ಡೈರಿ ಬಾಗಿಲು ಹಾಕಿತ್ತು. ಅವ್ವ ಬೈತಾಳೆ ಅಂತ ಹಾಲನ್ನು ಹಿತ್ತಲಲ್ಲಿ ಮುಚ್ಚಿಟ್ಟು, ಬೆಳಿಗ್ಗೆ ಹೊಸ ಹಾಲಿನ ಜೊತೆ ಬೆರೆಸಿ ಹಾಕಿಬಂದೆ. ಅವತ್ತು ಜನ ಜಾಸ್ತಿ, ಯಾರೂ ಮೂಸಿ ನೋಡಲಿಲ್ಲ. ಶೀತಲ ಕೇಂದ್ರದಲ್ಲಿ ಆ ಕ್ಯಾನಿನ ಹಾಲು ಕಾಯಿಸಿ ನೋಡಿದರೆ ಒಡೆದುಹೋಯಿತು. 40 ಲೀಟರಿನ ಕ್ಯಾನು ಪೂರ್ತಿ ವಾಪಸ್ ಬಂತು. ನಷ್ಟವನ್ನು ಎಲ್ಲರ ಲೆಕ್ಕದಲ್ಲಿ ಹಿಡಿದುಕೊಂಡರು. ಒಂದೇ ಹಸು ಇಟ್ಟುಕೊಂಡು ಎರಡು ಲೀಟರ್ ಹಾಕುತ್ತಿದ್ದ ನಮ್ಮ ಬೀದಿಯ ಅಜ್ಜಿಯೊಬ್ಬರು ಡೈರಿ ಮುಂದೆ ನಿಂತು, ‘ನನ್ನ ಹಸು ಏನು ತಪ್ಪು ಮಾಡಿತ್ರಪ್ಪಾ?’ ಅಂತ ಕೇಳಿದರು. ನಾನು ಅಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ಆ ಅಜ್ಜಿ ಈಗಿಲ್ಲ. ತಪ್ಪನ್ನು ಇಲ್ಲಿ ನಿಮ್ಮೆಲ್ಲರ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ.

ಹಾಲು ಯಾಕೆ ಹಾಗೆ ಕೆಡುತ್ತದೆ ಅನ್ನೋದನ್ನು ಆಮೇಲೆ ತರಬೇತಿಯಲ್ಲಿ ತಿಳಿದುಕೊಂಡೆ. ಕರೆದ ಹಾಲು ಸುಮಾರು 38 ಡಿಗ್ರಿ ಬಿಸಿ ಇರುತ್ತದೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿಗೆ ಆ ಬಿಸಿ ಬಹಳ ಹಿತ. ಅರ್ಧ ಗಂಟೆಗೊಮ್ಮೆ ಒಂದು ಎರಡಾಗುತ್ತದೆ ಅಂತ ಇಟ್ಟುಕೊಳ್ಳಿ. ಮೂರು ಗಂಟೆಯಲ್ಲಿ ಒಂದಿದ್ದದ್ದು 64 ಆಗುತ್ತದೆ! 4 ಡಿಗ್ರಿಗೆ ತಣ್ಣಗೆ ಮಾಡಿದರೆ ಈ ಬೆಳವಣಿಗೆ ಬಹಳ ನಿಧಾನವಾಗುತ್ತದೆ. ಅದಕ್ಕೇ ಕರೆದ ಕೂಡಲೇ ತನ್ನಿ, ಕೈ, ಕೆಚ್ಚಲು, ಪಾತ್ರೆ ತೊಳೆದು ಕರೆಯಿರಿ ಅಂತ ಕಾರ್ಯದರ್ಶಿಗಳು ಬಡಕೊಳ್ಳೋದು.

ಈಗ ಬಿ.ಎಂ.ಸಿ. ಬಂದಿದೆಯಲ್ಲ, ಇನ್ನೇನು ಭಯ ಅಂತ ಕೆಲವರು ಕೇಳ್ತಾರೆ. ಅಣ್ಣಾ, ತಣ್ಣಗೆ ಮಾಡಿದ ಮಾತ್ರಕ್ಕೆ ಕೆಟ್ಟ ಹಾಲು ಒಳ್ಳೆಯದಾಗುವುದಿಲ್ಲ. ಆವಾಗ ನನ್ನ ಹಾಲಿನಿಂದ ಕೆಟ್ಟದ್ದು ಒಂದು ಕ್ಯಾನು. ಈಗ ಒಬ್ಬರು ತಪ್ಪಿದರೆ ಇಡೀ ಊರಿನ ಹಾಲೇ ಒಂದು ತೊಟ್ಟಿಯಲ್ಲಿದೆ. ಕೆಚ್ಚಲು ಬಾವಿಗೆ ಇಂಜೆಕ್ಷನ್ ಕೊಡಿಸಿದ ಮೇಲೆ ಡಾಕ್ಟರು ಹೇಳಿದಷ್ಟು ದಿನ ಆ ಹಾಲನ್ನು ಹಾಕಲೇಬಾರದು. ಆ ಔಷಧಿ ಕಾಯಿಸಿದರೂ ಪೂರ್ತಿ ಹೋಗುವುದಿಲ್ಲ. ಅದನ್ನು ಕುಡಿಯುವುದು ಯಾರದೋ ಮನೆಯ ಮಗು.

ಇನ್ನು ನೀರಿನ ವಿಷಯ. 10 ಲೀಟರ್ ಒಳ್ಳೆಯ ಹಾಲಿನಲ್ಲಿ ಎಸ್.ಎನ್.ಎಫ್. 8.5 ಇದೆ ಅನ್ನಿ. ಒಂದು ಲೀಟರ್ ನೀರು ಬೆರೆಸಿದರೆ ಅದು ಸುಮಾರು 7.7ಕ್ಕೆ ಇಳಿಯುತ್ತದೆ. ಒಂದು ಲೀಟರ್ ಜಾಸ್ತಿ ಬರೆಸಿದೆ ಅಂತ ನಾವು ಹಿಗ್ಗುತ್ತೇವೆ. ಅಲ್ಲಿ ಗುಣಮಟ್ಟ ಬಿದ್ದು ದರ ಇಳಿಯುತ್ತದೆ. ಆ ಇಳಿದ ದರದ ಪೆಟ್ಟು ಬೀಳುವುದು ನೀರು ಹಾಕದವರ ಮೇಲೂ ತಾನೆ? ಅಕ್ಕಪಕ್ಕದವರ ಜೇಬಿಗೆ ಕೈ ಹಾಕಿದ ಹಾಗೇ ಇದು.

ಆದರೆ ಸದಸ್ಯರದ್ದೇ ಎಲ್ಲ ತಪ್ಪು ಅಂತ ಹೇಳಿ ನಾನು ಕೂತುಕೊಂಡರೆ ಅನ್ಯಾಯವಾಗುತ್ತದೆ. ಸರಪಳಿಯಲ್ಲಿ ನಾವು ಆಡಳಿತ ಮಂಡಳಿಯವರೂ ಒಂದು ಕೊಂಡಿ. ಬಟವಾಡೆ ತಡವಾದರೆ ಬಡವರು ಏನು ಮಾಡಬೇಕು? ಕೈಯಲ್ಲಿ ನಗದು ಹಿಡಿದು ಬಾಗಿಲಿಗೆ ಬರುವ ಖಾಸಗಿಯವನಿಗೆ ಹಾಕುತ್ತಾರೆ. ಹಿಂಡಿ, ಬೂಸ ಬೇಕಾದ ಹೊತ್ತಿಗೆ ಸಿಗದಿದ್ದರೆ ರಾಸುಗಳು ಸೊರಗುತ್ತವೆ, ಹಾಲು ಇಳಿಯುತ್ತದೆ, ಡಿಗ್ರಿಯೂ ಬರುವುದಿಲ್ಲ. ಅಳತೆಯಲ್ಲಿ, ಪರೀಕ್ಷೆಯಲ್ಲಿ ಒಬ್ಬರಿಗೊಂದು ನ್ಯಾಯ ಮಾಡಿದರೆ ನಂಬಿಕೆ ಹೋಗುತ್ತದೆ. ಹೋದ ಹಾಲನ್ನು ನಾಳೆ ಕರೆಯಬಹುದು, ಹೋದ ನಂಬಿಕೆಯನ್ನು ಯಾವ ಕೆಚ್ಚಲಿನಿಂದ ಕರೆಯೋಣ?

ಈ ಸರಪಳಿ ನಮ್ಮ ಕೈಗೆ ಸುಮ್ಮನೆ ಬಂದದ್ದಲ್ಲ. ಈಗಿನ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಹಸು, ಎಮ್ಮೆ ರೈತರದ್ದು, ಆದರೆ ಹಾಲು ಸಾಗಿಸುವವರು ಬೇರೆ, ಬೆಲೆ ಕಟ್ಟುವವರೂ ಬೇರೆ ಆಗಿದ್ದರು. ರೈತರು ಹಾಲು ಕೊಡುವುದನ್ನೇ ನಿಲ್ಲಿಸಿ ಹೋರಾಡಿ, 1946ರಲ್ಲಿ ತ್ರಿಭುವನದಾಸ್ ಪಟೇಲರ ಮುಂದಾಳತ್ವದಲ್ಲಿ ತಮ್ಮದೇ ಒಕ್ಕೂಟ ಕಟ್ಟಿಕೊಂಡರು. 1949ರಲ್ಲಿ ಆನಂದಕ್ಕೆ ಬಂದ ಡಾ. ಕುರಿಯನ್ ಅವರ ಕೈ ಜೋಡಿಸಿದರು. ಚಳಿಗಾಲದಲ್ಲಿ ಹಾಲು ಹೆಚ್ಚಾಗಿ ಕೊಳ್ಳುವವರಿಲ್ಲದ ಕಷ್ಟಕ್ಕೆ 1955ರಲ್ಲಿ ಹಾಲಿನ ಪುಡಿ ಮಾಡುವ ಕಾರ್ಖಾನೆಯೇ ಬಂತು. ನಮ್ಮ ರಾಜ್ಯದಲ್ಲಿ 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಡೈರಿ ಅಭಿವೃದ್ಧಿ ನಿಗಮ ಶುರುವಾಯಿತು, 1984ರಲ್ಲಿ ಅದೇ ಹಾಲು ಮಹಾಮಂಡಳವಾಯಿತು. ಅದರ ‘ನಂದಿನಿ’ ಪ್ಯಾಕೆಟ್ಟಿನಲ್ಲಿ ನಮ್ಮೂರಿನ ಹಾಲೂ ಇದೆ. ಕೊಟ್ಟಿಗೆಯಿಂದ ಪ್ಯಾಕೆಟ್ಟಿನವರೆಗೆ ದಾರಿ ರೈತರ ಕೈಯಲ್ಲೇ ಇರಬೇಕು ಅನ್ನೋದು ಆ ಹಿರಿಯರ ಆಸೆ. ಕೈಯಲ್ಲಿ ಬಂದ ಮೇಲೆ ಅದನ್ನು ಚೊಕ್ಕವಾಗಿ ಇಟ್ಟುಕೊಳ್ಳುವುದು ನಮ್ಮ ಜವಾಬ್ದಾರಿ.

ಕೊನೆಯದಾಗಿ ಒಂದು ಮಾತು. ಮೊನ್ನೆ ಹಾಲು ವಾಪಸ್ ಕಳಿಸಿದ್ದಕ್ಕೆ ಪರೀಕ್ಷಕ ಹುಡುಗನ ಮೇಲೆ ಜಗಳ ಆಯಿತು. ‘ಊರಿನವರ ಹಾಲನ್ನೇ ಬೇಡ ಅಂತೀಯಾ?’ ಅಂದರು. ಅವನು ಆವತ್ತು ಸುಮ್ಮನಿದ್ದಿದ್ದರೆ ಎಷ್ಟು ಮನೆಯ ಹಾಲು ಚರಂಡಿಗೆ ಹೋಗುತ್ತಿತ್ತೋ! 25 ವರ್ಷದ ಹಿಂದೆ ನನ್ನ ಹಾಲನ್ನೂ ಯಾರಾದರೂ ಹಾಗೇ ವಾಪಸ್ ಕಳಿಸಿದ್ದರೆ ಆ ಅಜ್ಜಿ ಕಣ್ಣೀರು ಹಾಕುತ್ತಿರಲಿಲ್ಲ. ಆದ್ದರಿಂದ ಪರೀಕ್ಷೆಯಲ್ಲಿ ಬಿದ್ದ ಹಾಲು ಅಧ್ಯಕ್ಷರದ್ದಾಗಲಿ, ನಿರ್ದೇಶಕರದ್ದಾಗಲಿ, ನೆಂಟರದ್ದಾಗಲಿ, ತೊಟ್ಟಿಗೆ ಹಾಕಬಾರದು ಅಂತ ಈ ರಜತ ಮಹೋತ್ಸವದ ವರ್ಷ ನಾವೆಲ್ಲ ನಿರ್ಣಯ ಮಾಡೋಣ. ನಾಳೆ ಬೆಳಿಗ್ಗೆ ಮೊದಲು ನನ್ನ ಹಾಲನ್ನೇ ಪರೀಕ್ಷೆ ಮಾಡಲಿ.

ತಪ್ಪು ಮಾತಾಡಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಜೈ ಸಹಕಾರ!