ನಮ್ಮ ಟೀಮಿನ ಸ್ಕೋರು ಯಾರ ಹತ್ರ ಐತಿ?

ಇವತ್ತು ಕ್ರಿಕೆಟ್ ಇಲ್ಲ, ಐಪಿಎಲ್ ಇಲ್ಲ. ಫುಟ್ಬಾಲ್. ಅದೂ ನಮ್ಮ ವಿಜಯಪುರ ಜಿಲ್ಲೆಯಿಂದ ಶುರು ಮಾಡ್ತೀನಿ. ನಗಬೇಡಿ. ವಿಜಯಪುರ ಅಂದ್ರೆ ಸೈಕ್ಲಿಂಗ್ ಅಂತ ನನಗೂ ಗೊತ್ತು.

ಹೋದ ತಿಂಗಳು ತಿಕೋಟಾಕ್ಕೆ ಹೋಗಿದ್ದೆ. ನಮ್ಮ ಟೀಮಿನಲ್ಲಿ ಎಡಗಡೆ ಆಡ್ತಿದ್ದ ಗೆಳೆಯ ತೀರಿಕೊಂಡು ನಾಲ್ಕು ವರ್ಷ ಆಯ್ತು. ಅವನ ಮನೆಗೆ ಹೋಗಿ ಚಹಾ ಕುಡೀತಾ ಕೂತಿದ್ದೆ. ಅವನ ಮಗ ಈಗ ಏಳನೇ ಕ್ಲಾಸು. ಪಕ್ಕಕ್ಕೆ ಬಂದು ನಿಂತು ಕೇಳಿದ, "ಕಾಕಾ, ನಮ್ಮಪ್ಪ ಖರೇನ ಚಲೋ ಆಡ್ತಿದ್ನೇನ್ರಿ? ಎಷ್ಟ ಗೋಲ ಹೊಡದಾನ?"

ಚಲೋ ಆಡ್ತಿದ್ದ ಅಂತ ಹೇಳಿದೆ. ಎಷ್ಟು ಗೋಲು ಅನ್ನೋದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ.

ಟೀಮು ಅಂದ್ರೆ ದೊಡ್ಡದೇನೂ ಕಲ್ಪಿಸಿಕೊಳ್ಳಬೇಡಿ. ನೋಂದಣಿ ಇಲ್ಲ, ಜರ್ಸಿ ಇಲ್ಲ. ಚಂದಾ ಎತ್ತಿ ವಿಜಯಪುರದಿಂದ ತಂದ ಒಂದೇ ಬಾಲು. ಗೋಲ್‌ಪೋಸ್ಟಿಗೆ ಎರಡೆರಡು ಕಲ್ಲು. ನೆಲ ಎರಿ ಮಣ್ಣು. ಮಳೆ ಬಂದ್ರೆ ಬಾಲಿಗಿಂತ ಕಾಲೇ ಭಾರ. ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟು, ನೀವು ಒಂದು ಕಡೆ ಒದ್ರೆ ಬಾಲು ಇನ್ನೊಂದು ಕಡೆ ಹೋಗ್ತಿತ್ತು. ಜಾಲಿ ಮುಳ್ಳಿನ ಕಥೆ ಬೇರೆ, ಎಷ್ಟು ಬ್ಲಾಡರ್ ಹಾಳಾದವೋ ಲೆಕ್ಕ ಇಟ್ಟಿಲ್ಲ. ದ್ರಾಕ್ಷಿ ಕಟಾವಿನ ಸೀಸನ್ ಬಂತು ಅಂದ್ರೆ ಹನ್ನೊಂದು ಜನ ಕೂಡೋದೇ ಇಲ್ಲ. ಅರ್ಧ ಟೀಮು ತೋಟದಲ್ಲಿ, ಇನ್ನರ್ಧ ಒಣದ್ರಾಕ್ಷಿ ಶೆಡ್ಡಿನಲ್ಲಿ. ಆವಾಗ ಆರಾರು ಮಂದಿ ಆಡೋದು. ಬಬಲೇಶ್ವರದ ಹುಡುಗರು ಟೆಂಪೋದಲ್ಲಿ ಬರ್ತಿದ್ರು. ಅವರ ಕಡೆಗೂ ಅದೇ ಹಾಡು.

ನಮ್ಮ ಗೋಲ್‌ಕೀಪರ್ ಒಂದು ನೂರು ಪೇಜಿನ ನೋಟ್‌ಬುಕ್ ಇಟ್ಟಿದ್ದ. ತಾರೀಖು, ಯಾರ ಜೊತೆ ಮ್ಯಾಚು, ಯಾರು ಗೋಲು ಹೊಡೆದ್ರು, ಯಾರು ಚಂದಾ ಕೊಟ್ಟಿಲ್ಲ, ಎಲ್ಲ ಅದರೊಳಗೆ. ಮನೆ ಕೆಡವಿ ಹೊಸದು ಕಟ್ಟಿಸೋವಾಗ ಅದು ರದ್ದಿ ಜೊತೆ ಹೋಯ್ತು. ಅವನನ್ನ ಬೈಯೋಕೂ ಆಗಲ್ಲ, ನಾವ್ಯಾರೂ ಒಂದು ಹಾಳೆ ಕೂಡ ಬರೆದವರಲ್ಲ.

ಆ ಹುಡುಗನ ಪ್ರಶ್ನೆ ತಲೆಯಲ್ಲೇ ಉಳೀತು. ವಾಪಸ್ ಬರೋವಾಗ ಬಸ್ಸಿನಲ್ಲಿ ಮೊಬೈಲ್ ತೆಗೆದು ಕರ್ನಾಟಕದ ಹಳೇ ಫುಟ್ಬಾಲ್ ಕ್ಲಬ್‌ಗಳ ಬಗ್ಗೆ ಓದ್ತಾ ಕೂತೆ. ಬೆಂಗಳೂರು ಎಫ್‌ಸಿ ನಿಮಗೆಲ್ಲ ಗೊತ್ತು, 2013ರಲ್ಲಿ ಹುಟ್ಟಿದ್ದು. ಆದ್ರೆ ಅದಕ್ಕಿಂತ ಮುಕ್ಕಾಲು ಶತಮಾನದ ಹಿಂದೆ ಬೆಂಗಳೂರಿನ ಇನ್ನೊಂದು ತಂಡ ಮಾಡಿದ್ದನ್ನ ಕೇಳಿ. ಹೆಸರು ಬೆಂಗಳೂರು ಮುಸ್ಲಿಮ್ಸ್.

ಬಾಂಬೆಯಲ್ಲಿ ರೋವರ್ಸ್ ಕಪ್ ಅಂತ ಟೂರ್ನಮೆಂಟ್ ಇತ್ತು, ಶುರುವಾಗಿದ್ದು 1891ರಲ್ಲಿ. ಬ್ರಿಟಿಷ್ ಸೈನ್ಯದ ರೆಜಿಮೆಂಟುಗಳು ಆಡೋದು, ಅವೇ ಗೆಲ್ಲೋದು. ನಲವತ್ತಕ್ಕೂ ಹೆಚ್ಚು ವರ್ಷ ಇದೇ ನಡೀತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಆ ಕಪ್ ಎತ್ತಿತು. ಸೈನ್ಯದ್ದಲ್ಲದ ಭಾರತೀಯ ತಂಡವೊಂದು ರೋವರ್ಸ್ ಕಪ್ ಗೆದ್ದಿದ್ದು ಅದೇ ಮೊದಲು.

ಫೈನಲ್‌ನಲ್ಲಿ ಸೋತವರು ಯಾರು? ಕಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್. ಇದು ಸಣ್ಣ ಮಾತಲ್ಲ ರೀ. ಕಲ್ಕತ್ತಾ ಲೀಗನ್ನ 1934ರಿಂದ 1938ರವರೆಗೆ ಸತತ ಐದು ವರ್ಷ ಗೆದ್ದ ತಂಡ ಅದು. ದೇಶದಲ್ಲೇ ಅವರನ್ನ ಹಿಡಿಯೋರಿಲ್ಲ ಅನ್ನೋ ಕಾಲ. ಅಂಥವರ ಮೇಲೆ 1-0. ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ ಹುಟ್ಟಿದ್ದೂ ಅದೇ 1937ರಲ್ಲಿ, ಅಂದ್ರೆ ದೇಶಕ್ಕೊಂದು ಸಂಸ್ಥೆ ಆಗಷ್ಟೇ ಆಗ್ತಿತ್ತು. ಮರುವರ್ಷ 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಮತ್ತೆ ಕಪ್ ಗೆದ್ದರು.

ನನಗೆ ಮಜಾ ಅನಿಸಿದ್ದು ಇನ್ನೊಂದು. ಆಗ ನಮ್ಮ ಬಿಜಾಪುರ ಬಾಂಬೆ ಪ್ರಾಂತ್ಯದಲ್ಲಿತ್ತು, ಬೆಂಗಳೂರು ಮೈಸೂರಿನ ಕಡೆ. ಒಂದೇ ರಾಜ್ಯ ಆಗಿದ್ದು 1956ರಲ್ಲಿ. ಅಂದ್ರೆ 1937ರಲ್ಲಿ ನಮ್ಮ ಅಜ್ಜಂದಿರ ಲೆಕ್ಕದಲ್ಲಿ, ಹೊರಗಿನ ತಂಡವೊಂದು ನಮ್ಮ ರಾಜಧಾನಿಗೆ ಬಂದು ಕಪ್ ಹೊತ್ಕೊಂಡು ಹೋದಂಗೆ! ಈಗ ನಾವು ಅದನ್ನ ನಮ್ಮದು ಅಂತೀವಿ. ಅನ್ನೋಣ ಬಿಡಿ, ತಪ್ಪೇನಿಲ್ಲ.

ಅಲ್ಲಿಂದ ಮುಂದೆ ಬೆಂಗಳೂರಿನ ಫುಟ್ಬಾಲ್ ಒಳ್ಳೇ ಕಾಲ ಕಂಡಿತು. 1946-47ರಲ್ಲಿ ಮೈಸೂರು ತಂಡ ಬಂಗಾಳವನ್ನ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 2-1ರಿಂದ ಸೋತ ಮ್ಯಾಚಿನಲ್ಲಿ ನಮ್ಮ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಆಮೇಲೆ ಕಲ್ಕತ್ತಾದ ಈಸ್ಟ್ ಬೆಂಗಾಲ್ ಸೇರಿದ್ರು. ಅಲ್ಲಿಯ ಜನ ಮುಂಚೂಣಿಯ ಐದು ಆಟಗಾರರಿಗೆ ಪಂಚಪಾಂಡವರು ಅಂತ ಹೆಸರಿಟ್ಟಿದ್ರು, ಅವರಲ್ಲಿ ಇವರೂ ಒಬ್ಬರು. 1968-69ರ ಸಂತೋಷ್ ಟ್ರೋಫಿ ಆದ್ಮೇಲೆ ಮಾತ್ರ ರಾಜ್ಯಕ್ಕೆ ಬರಗಾಲ. ಮತ್ತೆ ಗೆದ್ದಿದ್ದು 2023ರ ಮಾರ್ಚ್ 4ಕ್ಕೆ, ಸೌದಿ ಅರೇಬಿಯಾದ ರಿಯಾದ್‌ನಲ್ಲಿ, ಮೇಘಾಲಯದ ಮೇಲೆ 3-2. ನಡುವೆ 54 ವರ್ಷ.

ಮತ್ತೆ ರೋವರ್ಸ್ ಕಪ್? 2000-01ಕ್ಕೆ ಅದೂ ನಿಂತು ಹೋಯ್ತು. ಟೂರ್ನಮೆಂಟೇ ಇಲ್ಲ, ಆ 1-0 ಮಾತ್ರ ಉಳಿದೈತಿ. ಯಾರೋ ಅವತ್ತು ಬರೆದಿಟ್ರು, ಅದಕ್ಕೇ ನಾನು ಇವತ್ತು ತಿಕೋಟಾ ಬಸ್ಸಿನಲ್ಲಿ ಕೂತು ಓದಿದೆ.

ಮರುದಿನವೇ ಗೋಲ್‌ಕೀಪರ್‌ಗೆ ಫೋನ್ ಹಚ್ಚಿದೆ. "ದೋಸ್ತ, ಒಂದ ಹೊಸ ನೋಟ್‌ಬುಕ್ ತಗೋ" ಅಂದೆ. "ಈಗ್ಯಾಕಲೇ?" ಅಂದ. ಹುಡುಗನ ಮಾತು ಹೇಳಿದ್ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದ.

ಹೋದ ಭಾನುವಾರ ಒಂಬತ್ತು ಜನ ಸೇರಿದ್ವಿ. ಇಬ್ಬರು ಪುಣೆಯಿಂದ ವಿಡಿಯೋ ಕಾಲ್. ನಾಲ್ಕು ತಾಸು ಜಗಳ. ನನ್ನದು ಅಂತ ನಾನು ಇಷ್ಟು ವರ್ಷ ಹೇಳ್ಕೊಂಡು ಬಂದ ಒಂದು ಗೋಲು ನನ್ನದಲ್ಲ ಅಂತ ಏಳು ಜನ ಸಾಕ್ಷಿ ಹೇಳಿದ್ರು. ಬರೆಸಿದೆ, ಏನ್ ಮಾಡೋದು. ಮೂರು ಜನರಾದ್ರೂ ಒಪ್ಪಿದ್ರೆ ಮಾತ್ರ ಬರೀಬೇಕು ಅಂತ ಗೋಲ್‌ಕೀಪರ್ ಕಾನೂನು ಮಾಡಿದ್ದ. ಆ ಲೆಕ್ಕದಲ್ಲಿ ಹುಡುಗನ ಅಪ್ಪನ ಹೆಸರಿನ ಮುಂದೆ ಹದಿನಾಲ್ಕು ಗೋಲು ನಿಂತವು. ಫೋಟೋ ತೆಗೆದು ಅವನ ತಾಯಿಯ ವಾಟ್ಸಾಪಿಗೆ ಕಳಿಸಿದ್ವಿ. ಹುಡುಗ ವಾಯ್ಸ್ ಮೆಸೇಜ್ ಹಾಕಿದ, "ಕಾಕಾ, ಹದಿನೈದ ಅಂತ ಅವ್ವ ಹೇಳ್ತಾಳ್ರಿ."

ಆ ಹದಿನೈದನೇದು ಬಬಲೇಶ್ವರದ ವಿರುದ್ಧದ ಮ್ಯಾಚಿನದ್ದು. ದೀಪಾವಳಿ ಆದ್ಮೇಲೆ, ಅವರ ಊರಲ್ಲೇ ಆಡಿದ್ದು, ಕತ್ತಲಾದ್ಮೇಲೆ ಮುಗಿದಿದ್ದು. ನಾವು 2-1 ಅಂತೀವಿ, ಒಬ್ಬ 3-1 ಅಂತಾನೆ. ಬಬಲೇಶ್ವರದ ಯಾರಾದ್ರೂ ಇದನ್ನ ಕೇಳ್ತಿದ್ರೆ, ಅವತ್ತು ಮೈದಾನದಲ್ಲಿದ್ರೆ, ದಯವಿಟ್ಟು ಒಂದು ಮೆಸೇಜ್ ಹಾಕ್ರಿ. ಆ ಸಾಲು ಖಾಲಿ ಬಿಟ್ಟೀವಿ.