ಮೇಣ, ಚಿತ್ತಾರ, ಕೂಲಿ: ಜಾವಾದ ಬಾಟಿಕ್ ಸಂಶೋಧನೆಯ ಬಗ್ಗೆ ಒಂದು ತಕರಾರು



ಇಂಡೋನೇಷ್ಯಾದ ಸಾಂಪ್ರದಾಯಿಕ ಕಲೆಗಳ ಬಗ್ಗೆ ಕಳೆದ ಇನ್ನೂರು ವರ್ಷಗಳಲ್ಲಿ ಬೆಳೆದಿರುವ ವಿದ್ವತ್ತು ದೊಡ್ಡದು. ವಾಯಾಂಗ್ ಬೊಂಬೆಯಾಟ, ಗಾಮೆಲಾನ್ ವಾದ್ಯಮೇಳ, ಕ್ರಿಸ್ ಕಠಾರಿ, ಬಾಟಿಕ್ ಬಟ್ಟೆ, ಇವು ನಾಲ್ಕರ ಮೇಲೆಯೇ ಒಂದು ಗ್ರಂಥಾಲಯ ಕಟ್ಟಬಹುದು. ಇವತ್ತು ನಾನು ಬಾಟಿಕ್ ಒಂದನ್ನೇ ಎತ್ತಿಕೊಳ್ಳುತ್ತೇನೆ. ಅದರ ಮೇಲಿನ ಪುಸ್ತಕಗಳಲ್ಲಿ ಹೆಚ್ಚಿನವು ಹೊರಡುವುದು ಒಂದೇ ಪ್ರಶ್ನೆಯಿಂದ: ಈ ಚಿತ್ತಾರದ ಅರ್ಥವೇನು? ಓರೆಯಾಗಿ ಸಾಲುಗಟ್ಟುವ ಪಾರಂಗ್ ಅರಸೊತ್ತಿಗೆಯ ಬಲ, ಸಿಡೊಮುಕ್ತಿ ಮದುಮಕ್ಕಳಿಗೆ ಹಾರೈಕೆ, ಚಿರೆಬೊನ್ ಊರಿನ ಮೋಡದ ವಿನ್ಯಾಸ ತಾಳ್ಮೆಯ ಸಂಕೇತ, ಹೀಗೆ ಪಟ್ಟಿ ಬೆಳೆಯುತ್ತದೆ. ಪಟ್ಟಿ ಸುಳ್ಳಲ್ಲ. ನನ್ನ ತಕರಾರು ಅದು ಎಲ್ಲಿಂದ ಹೊರಡುತ್ತದೆ ಎಂಬುದರ ಬಗ್ಗೆ. ಬಾಟಿಕ್ ಸಂಶೋಧನೆ ಮೇಣದಿಂದ, ಅಂದರೆ ಕೆಲಸದಿಂದ ಮತ್ತು ಕೆಲಸಗಾರರಿಂದ ಹೊರಡಬೇಕು. ಚಿತ್ತಾರದ ಅರ್ಥ ಆ ದಾರಿಯಲ್ಲಿ ನಡುವೆ ಸಿಗಬೇಕು. ಇದು ವಿದ್ವಾಂಸರ ಒಳಜಗಳವಷ್ಟೇ ಆಗಿದ್ದರೆ ನಿಮ್ಮ ಸಮಯ ತೆಗೆದುಕೊಳ್ಳುತ್ತಿರಲಿಲ್ಲ. ಒಂದು ಕಸುಬನ್ನು ಸಂಶೋಧಕರು ಹೇಗೆ ವಿವರಿಸುತ್ತಾರೋ ಹಾಗೆಯೇ ಸರ್ಕಾರ, ವಸ್ತುಸಂಗ್ರಹಾಲಯ, ಮಾರುಕಟ್ಟೆಗಳು ಅದನ್ನು ನಡೆಸಿಕೊಳ್ಳುತ್ತವೆ. ಬಾಟಿಕ್ ಎಂದರೆ ಚಿತ್ತಾರ ಎಂದು ಒಪ್ಪಿಬಿಟ್ಟರೆ, ಅದೇ ಚಿತ್ತಾರವನ್ನು ಕಾರ್ಖಾನೆಯಲ್ಲಿ ಗಂಟೆಗಟ್ಟಲೆ ಪ್ರಿಂಟ್ ಮಾಡಿ ಸುರುಳಿ ಸುತ್ತಿದ ಬಟ್ಟೆಯೂ ಬಾಟಿಕ್ಕೇ ಆಗುತ್ತದೆ.

ಕೆಲಸ ನಡೆಯುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಜೇನುಮೇಣ, ಪ್ಯಾರಾಫಿನ್, ರಾಳ ಬೆರೆಸಿ ಕಾಸಿದ ಪಾಕ ಸಣ್ಣ ಬಾಣಲೆಯಲ್ಲಿರುತ್ತದೆ. ಗೆರೆ ಎಳೆಯುವ ಉಪಕರಣದ ಹೆಸರು ಚಾಂಟಿಂಗ್. ಹಿಡಿಗೆ ಕೂರಿಸಿದ ಪುಟ್ಟ ತಾಮ್ರದ ಬಟ್ಟಲು, ಅದಕ್ಕೊಂದು ಸಪೂರ ಮೂತಿ. ಕೆಲಸಗಾರ್ತಿ ಗಿಡ್ಡ ಮಣೆಯ ಮೇಲೆ ಕೂತು, ಮೇಣ ತುಂಬಿಕೊಂಡು, ಮೂತಿ ಕಟ್ಟದಂತೆ ಒಮ್ಮೆ ಊದಿ, ಚೌಕಟ್ಟಿನಿಂದ ಇಳಿಬಿಟ್ಟ ಬಟ್ಟೆಯ ಮೇಲೆ ಗೆರೆ ಎಳೆಯುತ್ತಾಳೆ. ಮೇಣ ಆರಿದ್ದರೆ ಬಟ್ಟೆಯೊಳಕ್ಕೆ ಇಳಿಯುವುದಿಲ್ಲ, ಅತಿಯಾಗಿ ಕಾದಿದ್ದರೆ ಹರಡಿಬಿಡುತ್ತದೆ. ಮೊದಲು ಹೊರಗೆರೆ, ಆಮೇಲೆ ಒಳಗೆ ತುಂಬುವ ಚುಕ್ಕೆ ಮತ್ತು ಎಳೆಗಳು, ಆಮೇಲೆ ಬಣ್ಣ ತಾಗಬಾರದ ಜಾಗಕ್ಕೆ ದಪ್ಪ ಲೇಪ. ಬಟ್ಟೆ ತಿರುಗಿಸಿ ಹಿಂಬದಿಯಲ್ಲೂ ಇದೇ ಕೆಲಸ. ಬಳಿಕ ನೀಲಿಯಲ್ಲಿ ಅದ್ದಬೇಕು, ಕಂದು ಬರಬೇಕಾದ ಕಡೆ ಮೇಣ ಕೆರೆಯಬೇಕು, ತೊಗಟೆಯಿಂದ ತೆಗೆದ ಸೋಗಾ ಬಣ್ಣ ಕೊಡಬೇಕು, ಕೊನೆಗೆ ಕುದಿನೀರಿನಲ್ಲಿ ಮೇಣ ಬಿಡಿಸಬೇಕು. ಸುಮಾರು ಎರಡೂವರೆ ಮೀಟರಿನ ಒಂದು ಬಟ್ಟೆಗೆ ವಾರಗಳು ಬೇಕು, ನಾಜೂಕಿನದಾದರೆ ತಿಂಗಳುಗಳು. ಮೇಣ ಎರಡೂ ಬದಿಗೆ ಬಿದ್ದಿರುವುದರಿಂದ ಇಂಥ ಬಟ್ಟೆಯ ಒಳಮೈ ಹೊರಮೈಯಷ್ಟೇ ನಿಚ್ಚಳ. ಅಗ್ಗದ ಪ್ರಿಂಟ್ ಬಟ್ಟೆಯನ್ನು ಮಗುಚಿದರೆ ಬಣ್ಣ ಮಂಕು. ಚಿತ್ತಾರವನ್ನಷ್ಟೇ ಓದುವ ಕಣ್ಣಿಗೆ ಈ ಹಿಂಬದಿ ಬೀಳುವುದೇ ಇಲ್ಲ.

ಕೆಲಸದಿಂದ ಹೊರಟರೆ ಚಿತ್ತಾರವೂ ಹೆಚ್ಚು ಅರ್ಥವಾಗುತ್ತದೆ ಎನ್ನುವುದಕ್ಕೆ ‘ಜಾವಾ ಹೊಕೊಕಾಯ್’ ಬಟ್ಟೆಗಳಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. 1942ರಿಂದ 1945ರವರೆಗೆ ಜಾವಾ ಜಪಾನಿ ಸೇನೆಯ ಹಿಡಿತದಲ್ಲಿತ್ತು. ಆ ಕಾಲದಲ್ಲಿ ಉತ್ತರ ಕರಾವಳಿಯ ಪೆಕಲೊಂಗಾನ್‌ನಲ್ಲಿ ತಯಾರಾದ ಬಟ್ಟೆಗಳು ನೋಡಿದರೆ ಕಣ್ಣು ಕೋರೈಸುವಂಥವು. ಹೂವು, ಚಿಟ್ಟೆ, ಅವುಗಳ ಹಿನ್ನೆಲೆಗೆ ಕೂದಲೆಳೆಯಂಥ ಜಾಲ, ಗೇಣಗಲವೂ ಖಾಲಿ ಬಿಡದ ದಟ್ಟಣೆ. ಒಂದೇ ಬಟ್ಟೆಯ ಎರಡು ಅರ್ಧಗಳಲ್ಲಿ ಎರಡು ಬೇರೆ ವಿನ್ಯಾಸ. ಚಿತ್ತಾರದ ಜಾಡು ಹಿಡಿದು ಹೋದರೆ ಇಲ್ಲಿ ಜಪಾನಿ ಅಭಿರುಚಿಯ ಪ್ರಭಾವ ಕಾಣುತ್ತದೆ, ಅದು ಇದೆ ಕೂಡ. ಆದರೆ ದಟ್ಟಣೆಗೆ ಕಾರಣ ಬೇರೆ. ಯುದ್ಧದಿಂದ ಹತ್ತಿ ಬಟ್ಟೆಯ ಆಮದು ನಿಂತಿತ್ತು. ಬಟ್ಟೆ ದುರ್ಲಭ, ಕೈಗಳು ಬೇಕಾದಷ್ಟು. ಕೆಲಸಗಾರರನ್ನು ಕಳೆದುಕೊಳ್ಳಬಾರದೆಂದರೆ ಇದ್ದ ಒಂದು ತುಂಡಿನ ಮೇಲೆಯೇ ತಿಂಗಳುಗಟ್ಟಲೆ ಕೆಲಸ ಹಂಚಬೇಕಿತ್ತು. ಒಂದು ಬಟ್ಟೆ ಎರಡಾಗಿ ಕಾಣುವ ವಿನ್ಯಾಸವೂ ಕೊರತೆಯ ಕಾಲಕ್ಕೆ ಒದಗಿಬಂತು: ಒಂದು ಅರ್ಧ ಮೇಲೆ ಬರುವಂತೆ ಬೆಳಗ್ಗೆ ಉಟ್ಟರೆ, ಇನ್ನೊಂದು ಅರ್ಧ ಮೇಲೆ ಬರುವಂತೆ ಸಂಜೆ ಉಡಬಹುದು. ಜಾವಾದ ಅತ್ಯಂತ ಸಮೃದ್ಧವಾಗಿ ಕಾಣುವ ಬಟ್ಟೆ ಹುಟ್ಟಿದ್ದು ಅದರ ಅತ್ಯಂತ ಬಡ ಕಾಲದಲ್ಲಿ. ಯಾವ ಸಂಕೇತಕೋಶವೂ ಇದನ್ನು ಹೇಳಿಕೊಡಲಾರದು.

ಹಾಗಾದರೆ ಕೆಲಸದ ಬಗ್ಗೆ ಯಾರೂ ಬರೆದಿಲ್ಲವೆ? ಬರೆದಿದ್ದಾರೆ, ಚೆನ್ನಾಗಿಯೇ. 1811ರಿಂದ 1816ರವರೆಗೆ ಜಾವಾದಲ್ಲಿ ಬ್ರಿಟಿಷರ ಪರವಾಗಿ ಆಳಿದ ರಾಫಲ್ಸ್ 1817ರ ತನ್ನ ‘ಹಿಸ್ಟರಿ ಆಫ್ ಜಾವಾ’ದಲ್ಲಿ ಮೇಣದ ಕೆಲಸವನ್ನು ವಿವರಿಸಿದ್ದಾನೆ. ಡಚ್ ವಿದ್ವಾಂಸರಾದ ರೌಫಾರ್ ಮತ್ತು ಯೌನ್‌ಬೋಲ್ ಅವರ ಬೃಹತ್ ಗ್ರಂಥ 1914ರಲ್ಲಿ ಪೂರ್ತಿಯಾಯಿತು. 1916ರಲ್ಲಿ ಯಾಸ್ಪರ್ ಜೊತೆ ಜಾವಾದ ಕಲಾವಿದ ಮಾಸ್ ಪಿರ್ಂಗಾಡಿ ಸೇರಿ ಹೊರತಂದ ಸಂಪುಟದಲ್ಲಿ ಉಪಕರಣ, ಬಣ್ಣ, ವಿನ್ಯಾಸಗಳ ವಿವರ ಇಂದಿಗೂ ಬೆರಗು ಹುಟ್ಟಿಸುವಂತಿದೆ. ಮುಖಪುಟದಲ್ಲಿ ಸ್ಥಳೀಯನ ಹೆಸರೂ ಇದೆ ಎಂಬುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಇಲ್ಲಿ ಕೆಲಸ ಇದೆ, ಕೆಲಸಗಾರ್ತಿಯ ಬದುಕು ಇಲ್ಲ. ಅದಕ್ಕೆ ಬೇರೆ ಕಪಾಟಿಗೆ ಹೋಗಬೇಕು. ವಸಾಹತು ಸರ್ಕಾರದ ಕಾರ್ಮಿಕ ಕಚೇರಿಗಾಗಿ ಡಿ ಕಾಟ್ ಆಂಜೆಲಿನೊ ಜಾವಾ ಮತ್ತು ಮಧುರಾದ ಬಾಟಿಕ್ ಕಾರ್ಯಾಗಾರಗಳನ್ನು ತನಿಖೆ ಮಾಡಿ 1930-31ರಲ್ಲಿ ಮೂರು ಭಾಗಗಳ ವರದಿ ಕೊಟ್ಟ. ಕೂಲಿ, ಕೆಲಸದ ಹೊತ್ತು, ಮುಂಗಡ ಕೊಟ್ಟು ಸಾಲದಲ್ಲಿ ಸಿಕ್ಕಿಸಿ ಹಿಡಿದಿಟ್ಟುಕೊಳ್ಳುವ ಪದ್ಧತಿ, ಎಲ್ಲವೂ ಆ ವರದಿಯ ವಿಷಯ. ಕಲೆಯ ಇತಿಹಾಸಕಾರರು ಇದನ್ನು ಕಾರ್ಮಿಕ ಇತಿಹಾಸಕ್ಕೆ ಬಿಟ್ಟುಕೊಟ್ಟರು, ಕಾರ್ಮಿಕ ಇತಿಹಾಸಕಾರರು ಬಟ್ಟೆಯನ್ನು ಕಲೆಯವರಿಗೆ ಬಿಟ್ಟುಕೊಟ್ಟರು. ಪೆಕಲೊಂಗಾನ್‌ನ ಎಲಿಜಾ ವಾನ್ ಝೌಲೆನ್ ಕಾರ್ಯಾಗಾರದ ಬಟ್ಟೆಗಳನ್ನು ಸಂಗ್ರಾಹಕರು ಇವತ್ತಿಗೂ ಮುಗಿಬಿದ್ದು ಕೊಳ್ಳುತ್ತಾರೆ; ಅಂಚಿನಲ್ಲಿರುವ ಸಹಿ ಯಜಮಾನಿಯದು. ಗೆರೆ ಎಳೆದವರ ಹೆಸರು ಅಲ್ಲಿಲ್ಲ.

ಎರಡನ್ನೂ ಕೂಡಿಸಿದ ಸಂಶೋಧನೆಯೂ ಉಂಟು, ಹಾಗಾಗಿ ನಾನು ಕೇಳುತ್ತಿರುವುದು ಅಸಾಧ್ಯವಾದದ್ದನ್ನಲ್ಲ. ರೆನ್ಸ್ ಹೆರಿಂಗಾ ಪೂರ್ವ ಜಾವಾದ ತುಬಾನ್ ಸೀಮೆಯ ಕೆರೆಕ್ ಹಳ್ಳಿಗಳನ್ನು ಅಭ್ಯಾಸ ಮಾಡಿದರು. ಅಲ್ಲಿಯ ಹೆಂಗಸರು ಹತ್ತಿ ಬೆಳೆದು, ನೂತು, ನೇಯ್ದು, ಮೇಣ ಬರೆದು, ನೀಲಿ ಅದ್ದುವ ಇಡೀ ಸರಣಿಯನ್ನು ತಾವೇ ಉಳಿಸಿಕೊಂಡಿದ್ದರು. ಯಾವ ವಯಸ್ಸಿನವಳು ಯಾವ ಬಣ್ಣ ಉಡಬೇಕು ಎಂಬ ಅರ್ಥವ್ಯವಸ್ಥೆ ಈ ದುಡಿಮೆಯ ಸರಣಿಯೊಳಗಿಂದಲೇ ಹೆರಿಂಗಾಗೆ ಕಂಡಿತು. ಸುಝಾನ್ ಬ್ರೆನ್ನರ್ ಅವರ 1998ರ ಪುಸ್ತಕ ಸೋಲೊ ನಗರದ ಲವೆಯಾನ್ ಎಂಬ ಬಾಟಿಕ್ ವ್ಯಾಪಾರಿಗಳ ಕೇರಿಯ ಕಥೆ. ಅಲ್ಲಿ ವ್ಯವಹಾರ, ಲೆಕ್ಕ, ಹಣದ ಗಂಟು ಎಲ್ಲ ಹೆಂಗಸರ ಕೈಯಲ್ಲಿತ್ತು. 1970ರ ದಶಕದಿಂದ ಪ್ರಿಂಟ್ ಬಟ್ಟೆ ನುಗ್ಗಿದಾಗ ಆ ಕೇರಿ ಸೊರಗಿತು. ಪಕ್ಕದ ಕಲೆಗಳಲ್ಲಿ ಈ ತಿರುವು ಇನ್ನೂ ಮೊದಲೇ ಬಂದಿತ್ತು. ವಾಯಾಂಗ್‌ನಲ್ಲಿ ಕಥೆಗಿಂತ ಬೊಂಬೆಯಾಡಿಸುವ ದಲಾಂಗ್‌ನ ಬದುಕನ್ನು ಮುಂದಿಟ್ಟುಕೊಂಡು ಕ್ಲಾರಾ ವಾನ್ ಗ್ರೂನೆಂಡಾಲ್ 1985ರಲ್ಲೇ ಪುಸ್ತಕ ಪ್ರಕಟಿಸಿದ್ದರು. ಬಾಟಿಕ್‌ನಲ್ಲಿ ಇಂಥವು ಇಂದಿಗೂ ಬೆರಳೆಣಿಕೆಯವು.

ಈಗ ಕಾನೂನಿನ ಮಾತು. 2009ರ ಅಕ್ಟೋಬರ್ 2ರಂದು ಯುನೆಸ್ಕೊ ಇಂಡೋನೇಷ್ಯಾದ ಬಾಟಿಕ್ ಅನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ದಿನ ಅಲ್ಲಿ ರಾಷ್ಟ್ರೀಯ ಬಾಟಿಕ್ ದಿನವಾಯಿತು. ಕಚೇರಿ, ಶಾಲೆಗಳಲ್ಲಿ ಬಾಟಿಕ್ ತೊಡುವುದು ವಾಡಿಕೆಯಾಯಿತು. ಇದರ ಬೀಜ ಹಳೆಯದು: 1966ರಿಂದ 1977ರವರೆಗೆ ಜಕಾರ್ತದ ಗವರ್ನರ್ ಆಗಿದ್ದ ಅಲಿ ಸಾದಿಕಿನ್ ಉದ್ದತೋಳಿನ ಬಾಟಿಕ್ ಅಂಗಿಯನ್ನು ಅಧಿಕೃತ ಸಮಾರಂಭಗಳ ಉಡುಪಾಗಿ ಮಾಡಿದ್ದ. ಬೇಡಿಕೆ ಏರಿದಾಗ ಅದನ್ನು ಪೂರೈಸುವುದು ಯಾರಿಂದ ಸಾಧ್ಯ? ತಿಂಗಳಿಗೊಂದು ಬಟ್ಟೆ ಮುಗಿಸುವವರಿಂದ ಅಲ್ಲ. ಚಿತ್ತಾರವೇ ಪರಂಪರೆ ಎಂದು ಕಲಿತಿದ್ದ ಗಿರಾಕಿಗೆ ಪ್ರಿಂಟ್ ಅಂಗಿಯಲ್ಲಿ ಯಾವ ಕೊರತೆಯೂ ಕಾಣಲಿಲ್ಲ, ಕಾಣಬೇಕಾಗಿಯೂ ಇರಲಿಲ್ಲ. ಇಂಡೋನೇಷ್ಯಾದ 2014ರ ರಾಷ್ಟ್ರೀಯ ಮಾನಕ ಇಲ್ಲಿ ಒಂದು ಗಟ್ಟಿ ಹೆಜ್ಜೆ ಇಟ್ಟಿತು: ಬಿಸಿ ಮೇಣ ತಡೆಯಾಗಿರಬೇಕು, ಚಾಂಟಿಂಗ್ ಅಥವಾ ಮೇಣದ ಅಚ್ಚು ಮುಖ್ಯ ಉಪಕರಣವಾಗಿರಬೇಕು, ಆಗಲೇ ಅದು ಬಾಟಿಕ್. ಮಾನಕ ಬರೆದವರು ಕಲಾಗ್ರಂಥಗಳಿಗಿಂತ ಹೆಚ್ಚು ಸರಿಯಾಗಿ ಯೋಚಿಸಿದ್ದರು ಎಂದು ನನ್ನ ಅಭಿಪ್ರಾಯ.

ಇದಕ್ಕೆ ಮೊದಲ ಆಕ್ಷೇಪ: ಕೆಲಸದ ಕ್ರಮವನ್ನು ಕಟ್ಟುಪಾಡು ಮಾಡಿದರೆ ಕಸುಬು ಹೆಪ್ಪುಗಟ್ಟುವುದಿಲ್ಲವೆ? ಇತಿಹಾಸ ಹಾಗೆ ಹೇಳುವುದಿಲ್ಲ. ತಾಮ್ರದ ಪಟ್ಟಿಗಳಿಂದ ಮಾಡಿದ, ಮೇಣದಲ್ಲಿ ಅದ್ದಿ ಒತ್ತುವ ಅಚ್ಚು ಬಂದದ್ದು 19ನೆಯ ಶತಮಾನದ ನಡುವಿನಲ್ಲಿ. ಅದರೊಂದಿಗೆ ಗಂಡಸರು ಈ ಕೆಲಸಕ್ಕೆ ಇಳಿದರು, ಬಟ್ಟೆ ಅಗ್ಗವಾಯಿತು, ಬಾಟಿಕ್ ಬಾಟಿಕ್ಕಾಗಿಯೇ ಉಳಿಯಿತು. ಬಟ್ಟೆಯಂತೂ ಬಹುಪಾಲು ಹೊರಗಿನದೇ. ಹಿಂದೆ ನಮ್ಮ ಕೋರಮಂಡಲ ಕರಾವಳಿಯ ಹತ್ತಿ ಬಟ್ಟೆ, ಆಮೇಲೆ ಯುರೋಪಿನ ಗಿರಣಿ ಬಟ್ಟೆ. ಪೆಕಲೊಂಗಾನ್‌ನ ಜ್ಲಂಪ್ರಾಂಗ್ ವಿನ್ಯಾಸ ಗುಜರಾತಿನ ಪಟೋಲಾದಿಂದ ಬಂದದ್ದು. 2007ರ ಸುಮಾರಿಗೆ ಬಾಂಡುಂಗ್‌ನ ತರುಣರ ಗುಂಪೊಂದು ಫ್ರಾಕ್ಟಲ್ ಗಣಿತದಿಂದ ಕಂಪ್ಯೂಟರಿನಲ್ಲಿ ವಿನ್ಯಾಸ ರಚಿಸಿ ಅದನ್ನು ಮೇಣದ ಕೆಲಸಗಾರರ ಕೈಗೆ ಕೊಡತೊಡಗಿತು. ವಿನ್ಯಾಸ ಎಷ್ಟು ಹೊಸದಾದರೂ ಮೇಣ ಅದನ್ನು ತಾಳಿಕೊಳ್ಳುತ್ತದೆ. 1927ರಲ್ಲಿ ಜಾವಾಕ್ಕೆ ಹೋದ ರವೀಂದ್ರನಾಥ ಠಾಕೂರರ ಬಳಗದ ಮೂಲಕ ಬಾಟಿಕ್ ಶಾಂತಿನಿಕೇತನಕ್ಕೆ ಬಂತು. ಅಲ್ಲಿ ಮೇಣದಲ್ಲಿ ಮೂಡಿದ್ದು ಬಂಗಾಳದ ಅಲ್ಪನಾ ಬಳ್ಳಿಗಳು. ಅದನ್ನು ಬಾಟಿಕ್ ಅಲ್ಲವೆಂದು ಯಾರೂ ಹೇಳಲಿಲ್ಲ. ಇದಕ್ಕೆ ವಿರುದ್ಧವಾಗಿ, ಹಾಲೆಂಡಿನ ಹಾರ್ಲೆಮ್, ಹೆಲ್ಮಂಡ್ ಗಿರಣಿಗಳು 19ನೆಯ ಶತಮಾನದಲ್ಲಿ ಜಾವಾದ ಚಿತ್ತಾರಗಳನ್ನೇ ನಕಲು ಮಾಡಿ ಜಾವಾಕ್ಕೆ ಕಳಿಸಿದವು. ಯಂತ್ರದ ರಾಳ ಒಡೆದು ಬಟ್ಟೆಯ ಮೇಲೆ ಬಿರುಕಿನ ಗೆರೆಗಳು ಮೂಡುತ್ತಿದ್ದವು, ಜಾವಾದವರು ಅದನ್ನು ಕಳಪೆ ಎಂದು ಬದಿಗಿಟ್ಟರು. ಆ ಬಟ್ಟೆಗೆ ಗಿರಾಕಿ ಸಿಕ್ಕಿದ್ದು ಪಶ್ಚಿಮ ಆಫ್ರಿಕಾದಲ್ಲಿ. ಅಲ್ಲಿ ಅದು ತನ್ನದೇ ಆದ, ಗೌರವದ ಬದುಕು ಕಂಡುಕೊಂಡಿತು. ಯಾವುದು ಸರಿ ಕೆಲಸ ಎಂಬುದನ್ನು ಜಾವಾದ ಸಾಮಾನ್ಯ ಗಿರಾಕಿ ವಿದ್ವಾಂಸರಿಗಿಂತ ಮೊದಲೇ ಬಲ್ಲವನಾಗಿದ್ದ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಉಡುವವರಿಗೆ ಬೇಕಾದದ್ದು ಅರ್ಥವಲ್ಲವೆ? ಜಾವಾದ ಅರಮನೆಗಳು ಪಾರಂಗ್‌ನಂಥ ವಿನ್ಯಾಸಗಳನ್ನು ಹೊರಗಿನವರು ಉಡಬಾರದೆಂದು ನಿಷೇಧಿಸಿದ್ದು ನಿಜ, ಮದುವೆಗೆ ಹಾರೈಕೆಯ ಬಟ್ಟೆಯನ್ನು ಆರಿಸುವ ತಾಯಿ ಮೇಣದ ಹದವನ್ನು ಯೋಚಿಸುವುದಿಲ್ಲ ಎಂಬುದೂ ನಿಜ. ಒಪ್ಪುತ್ತೇನೆ. ಆದರೆ ಅರಮನೆಯ ನಿಷೇಧ ಒಂದು ಅಧಿಕಾರದ ಕಥೆ: ಯಾರು ಏನನ್ನು ಉಡಬಹುದು, ಯಾರ ಕೈ ಯಾರಿಗಾಗಿ ಬರೆಯಬೇಕು ಎಂಬ ಲೆಕ್ಕ. ಅದನ್ನು ‘ಪಾರಂಗ್ ಎಂದರೆ ಶಕ್ತಿ’ ಎಂಬ ಒಂದು ಸಾಲಿಗೆ ಇಳಿಸಿದಾಗ ಅರ್ಥವೇ ತೆಳುವಾಗುತ್ತದೆ. ಇಂಥ ಸಾಲುಗಳು ಮುಂದೆ ಅಂಗಡಿಯ ಚೀಟಿಯ ಮೇಲೆ ಬಂದು ಕೂರುವುದನ್ನು ಯಾರಾದರೂ ನೋಡಬಹುದು.

ಅಗ್ಗದ ಪ್ರಿಂಟ್ ಇಲ್ಲದಿದ್ದರೆ ಬಡವರು ಏನು ಉಡಬೇಕು ಎನ್ನುವವರಿಗೆ ಉತ್ತರ ಚಿಕ್ಕದು: ಪ್ರಿಂಟನ್ನೇ ಉಡಲಿ, ಅದನ್ನು ಪ್ರಿಂಟ್ ಎಂದೇ ಮಾರಲಿ.

ಕೆಲಸವನ್ನು ಮುಂದಿಟ್ಟುಕೊಂಡರೆ ಕಸುಬಿನ ಕೊಳೆಯೂ ಮುಂದೆ ಬರುತ್ತದೆ. ಇದನ್ನು ಕೆಲವರು ಅನನುಕೂಲ ಎನ್ನುತ್ತಾರೆ, ನಾನು ಲಾಭ ಎನ್ನುತ್ತೇನೆ. ಪೆಕಲೊಂಗಾನ್‌ನ ನದಿಗಳು ಬಾಟಿಕ್‌ನ ಬಣ್ಣದ ನೀರು ಕುಡಿದು ಕುಡಿದು ಕಪ್ಪಾಗಿವೆ. ರಾಸಾಯನಿಕ ಬಣ್ಣ, ಮೇಣದ ಜಿಡ್ಡು, ಸಣ್ಣ ಸಣ್ಣ ಕಾರ್ಯಾಗಾರಗಳಿಂದ ಸೋಸದೆ ಹೊರಬೀಳುವ ನೀರು ಎಲ್ಲ ಅಲ್ಲೇ ಸೇರುತ್ತದೆ. ನೆಲ ಕುಸಿಯುತ್ತಿರುವ ಆ ಕರಾವಳಿ ಪಟ್ಟಣಕ್ಕೆ ಸಮುದ್ರದ ನೀರು ನುಗ್ಗಿದಾಗ ಬಣ್ಣದ ತೊಟ್ಟಿಗಳೂ ಮುಳುಗುತ್ತವೆ. ಇದೇ ಪೆಕಲೊಂಗಾನ್‌ನ ಬಾಟಿಕ್ ಮ್ಯೂಸಿಯಂ ಶಾಲಾ ಮಕ್ಕಳಿಗೆ ಕೊಡುವ ತರಬೇತಿಯನ್ನು ಯುನೆಸ್ಕೊ 2009ರಲ್ಲೇ ಮಾದರಿ ಎಂದು ಗುರುತಿಸಿತು. ಆ ಮಕ್ಕಳಿಗೆ ಚಾಂಟಿಂಗ್ ಹಿಡಿಯುವುದರ ಜೊತೆಗೆ ಬಣ್ಣದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಕಲಿಸಬೇಕು. ಚಿತ್ತಾರದ ವಿದ್ವತ್ತಿಗೆ ಆ ನೀರಿನ ಬಗ್ಗೆ ಹೇಳಲು ಏನೂ ಇಲ್ಲ.

ಉಳಿದ ಒಂದು ಆಕ್ಷೇಪ ನನ್ನನ್ನು ನಿಜಕ್ಕೂ ತಡೆದು ನಿಲ್ಲಿಸುತ್ತದೆ. ಕೆಲಸವನ್ನು ದಾಖಲಿಸುವುದೆಂದರೆ ಗುಟ್ಟು ಬಯಲು ಮಾಡುವುದು. ರಾಫಲ್ಸ್‌ನ ಕಾಲದಲ್ಲೇ ಜಾವಾದ ವಿನ್ಯಾಸಗಳ ಇಂಗ್ಲಿಷ್ ನಕಲು ಬಟ್ಟೆ ಅಲ್ಲಿಗೆ ಬಂದಿತ್ತು. ತೊಳೆದಾಗ ಬಣ್ಣ ನಿಲ್ಲದ್ದರಿಂದ ಸೋತಿತು. ಬಣ್ಣ ನಿಲ್ಲಿಸುವ ಬಗೆ ಗೊತ್ತಿದ್ದಿದ್ದರೆ ಗೆಲ್ಲುತ್ತಿತ್ತೋ ಏನೋ. ಕಾರ್ಯಾಗಾರಗಳು ಸೋಗಾ ಬಣ್ಣದ ಪಾಕವನ್ನು ಮನೆಯೊಳಗೇ ಕಾಯ್ದುಕೊಂಡು ಬಂದದ್ದಕ್ಕೆ ಕಾರಣವಿದೆ, ಅದನ್ನು ಜಗತ್ತಿನ ಮುಂದೆ ಹರವುವ ಹಕ್ಕು ಸಂಶೋಧಕನಿಗಿಲ್ಲ. ಪಾಕ ಅವರ ಬಳಿಯೇ ಇರಲಿ, ಬೇಕಿದ್ದರೆ ಅವರ ಸಹಕಾರ ಸಂಘದ ಬೀರುವಿನಲ್ಲಿರಲಿ. ಕೂಲಿಯ ವಿಷಯ ಹಾಗಲ್ಲ. ಒಂದು ಬಟ್ಟೆಗೆ ಎಷ್ಟು ದಿನ ಹಿಡಿಯಿತು, ಗೆರೆ ಎಳೆದವಳು ಯಾರು, ಅಂಗಡಿಯ ಬೆಲೆಯಲ್ಲಿ ಅವಳ ಕೈ ಸೇರಿದ್ದೆಷ್ಟು ಎಂಬುದನ್ನು ಅವಳ ಒಪ್ಪಿಗೆ ಪಡೆದು ಪ್ರಕಟಿಸಿದರೆ ಯಾವ ಗಿರಣಿಗೂ ನಕಲು ಮಾಡಲು ಅನುಕೂಲವಾಗುವುದಿಲ್ಲ. ಅದು ಗುಟ್ಟಾಗಿಯೇ ಇರಲಿ ಎಂದು ಬಯಸುವವರು ಬೇರೆ ಇದ್ದಾರೆ. ಅವರ ಬಯಕೆಯನ್ನು ಸಂಶೋಧಕರು ಇನ್ನೂ ಏಕೆ ಮನ್ನಿಸಬೇಕು ಎಂಬುದಕ್ಕೆ ನನಗೆ ಕಾರಣ ಕಾಣುತ್ತಿಲ್ಲ.